ಫಿತೂರಿಯವರ ಪಾಳಿ

ಮನೋಳಿಯ ಅಮೋಘಸಿದ್ದಪ್ಪನ ಅಡ್ಡಹೆಸರು ಫಿತೂರಿ. ನಗಬೇಡಿ. ಹೊಲದ ಪಹಣಿ ಉತಾರದಲ್ಲಿ, ರೇಷನ್ ಕಾರ್ಡಿನಲ್ಲಿ, ಮಗಳ ಡಿಗ್ರಿ ಸರ್ಟಿಫಿಕೇಟಿನಲ್ಲಿ ಎಲ್ಲ ಕಡೆ ಅದೇ ಇದೆ. ನಮ್ಮ ಕಡೆ ಅಡ್ಡಹೆಸರು ಹುಟ್ಟುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಯಾರದೋ ಮುತ್ತಜ್ಜ ಮೆಣಸಿನಕಾಯಿ ಮಾರಿದ, ಯಾರದೋ ಮನೆಯಲ್ಲಿ ಒಂದು ಕುಂಟೆತ್ತು ಇತ್ತು, ಅಷ್ಟೇ ಸಾಕು. ಮುಂದೆ ಹುಟ್ಟಿದವರೆಲ್ಲ ಅದನ್ನು ಹೊತ್ತುಕೊಂಡು ತಿರುಗಬೇಕು. ಅಮೋಘಸಿದ್ದಪ್ಪನ ಅಜ್ಜ ಲಗಮಣ್ಣ ಮಾಡಿದ ತಪ್ಪೆಂದರೆ ಒಂದು ನಾಟಕದಲ್ಲಿ ಪಾತ್ರವನ್ನು ಚೆನ್ನಾಗಿ ಮಾಡಿದ್ದು.

ಊರಿನವರೇ ಕಟ್ಟಿ ಆಡಿದ ನಾಟಕ ಅದು. ರಾತ್ರೋರಾತ್ರಿ ವೈರಿಗೆ ಕೋಟೆಯ ಬಾಗಿಲು ತೆಗೆದುಕೊಡುವವನ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಕಿತ್ತೂರಿನ ಸೀಮೆಯಲ್ಲಿ ಹುಟ್ಟಿದವರಿಗೆ ಫಿತೂರಿ ಎಂಬುದು ಎಂಥ ಬೈಗುಳವೆಂದು ಬಿಡಿಸಿ ಹೇಳಬೇಕಾಗಿಲ್ಲ. "ಯಾರರ ಮಾಡಬೇಕಲ್ಲಪಾ" ಎಂದು ಲಗಮಣ್ಣ ಒಪ್ಪಿಕೊಂಡ. ಒಪ್ಪಿಕೊಂಡವನು ಕಾಟಾಚಾರಕ್ಕೆ ಮಾಡಿ ಮುಗಿಸಿದ್ದರೆ ಬಚಾವಾಗುತ್ತಿದ್ದ. ಆದರೆ ಅಗಳಿ ಸರಿಸುವಾಗ ಅವನ ಕೈ ನಡುಗಿದ್ದನ್ನು ನೋಡಿ ಜನಕ್ಕೆ ಅದು ನಾಟಕವೆಂಬುದೇ ಮರೆತುಹೋಯಿತು. ಅದೇ ವರ್ಷ ಮದುವೆಯಾಗಿ ಓಣಿಗೆ ನಡೆಯಲು ಬಂದಿದ್ದ ತಾಯವ್ವ ಎಂಬ ಹೊಸ ಸೊಸೆ ಎದ್ದು ನಿಂತು, ಕಾಲಲ್ಲಿದ್ದ ಚಪ್ಪಲಿ ತೆಗೆದು ಬೀಸಿ ಒಗೆದಳು. ಅದು ಲಗಮಣ್ಣನ ಕಿವಿಗೆ ಬಡಿಯಿತು. ಮರುದಿನ ಸಂತೆಯಲ್ಲಿ "ಫಿತೂರಿ ಬಂದಾ" ಎಂದು ಯಾರೋ ಕರೆದರು. ಮಗನನ್ನು ಸಾಲಿಗೆ ಹಚ್ಚುವಾಗ ಮಾಸ್ತರರು ಅಡ್ಡಹೆಸರು ಕೇಳಿದರು, ಪಕ್ಕದಲ್ಲಿದ್ದವರು ನಕ್ಕು ಅದನ್ನೇ ಹೇಳಿದರು, ಮಾಸ್ತರರು ಬರೆದೇಬಿಟ್ಟರು.

ತಾಯವ್ವ ಈಗ ಓಣಿಗೆಲ್ಲ ಹಿರಿಯ ಮುದುಕಿ. ಕಣ್ಣು ಮಂಜಾಗಿದ್ದರೂ ಆ ಚಪ್ಪಲಿಯ ಕತೆ ಹೇಳುವಾಗ ಕೈ ಬೀಸಿ ತೋರಿಸುವುದನ್ನು ಬಿಟ್ಟಿಲ್ಲ.

ಹೆಸರು ಅಂದಮೇಲೆ ಕರೆಯುವವರು ಕರೆಯುತ್ತಾರೆ, ನಾವೂ ನಕ್ಕು ಬಿಡೋಣ ಎಂಬುದು ಅಮೋಘಸಿದ್ದಪ್ಪ ಐವತ್ತು ವರ್ಷ ಕಲಿತ ಪಾಠ. ಓಣಿಯ ಗುಟ್ಟು ಹೊರಗೆ ಹೋದರೆ ಎಲ್ಲರೂ ಅವನ ಕಟ್ಟೆಯ ಕಡೆ ತಿರುಗಿ ನಗುವರು. ಅವನೂ ನಗುವನು. ಒಂದೇ ಒಂದು ಕಡೆ ಅವನಿಗೆ ನಗು ಬರುತ್ತಿರಲಿಲ್ಲ. ಅದು ಹಣಮಪ್ಪನ ಗುಡಿಯ ಕೀಲಿಕೈ.

ಓಣಿಯ ಹಣಮಪ್ಪನಿಗೆ ಪೂಜಾರಿ ಅಂತ ಯಾರೂ ಇಲ್ಲ. ಗುಡಿಯ ಕೀಲಿಕೈ ವರ್ಷಕ್ಕೊಂದು ಮನೆಯಂತೆ ಸಾಲುಹಿಡಿದು ಸಾಗುತ್ತದೆ. ಯುಗಾದಿಯ ದಿನ ಬೇವು ಕುಡಿದ ಮೇಲೆ ಈ ಮನೆಯವರು ಪಕ್ಕದ ಮನೆಯವರ ಕೈಗೆ ಕೊಡಬೇಕು. ಅಲ್ಲಿಂದ ಒಂದು ವರ್ಷ ಬೆಳಗಾಗುತ್ತಲೇ ಬಾಗಿಲು ತೆಗೆದು, ಕಸ ಹೊಡೆದು, ದೀಪ ಹಚ್ಚುವ ಪಾಳಿ ಅವರದು. ಕೀಲಿಕೈ ದುರ್ಗಪ್ಪನ ಮನೆತನಕ ಸರಿಯಾಗಿಯೇ ಬರುತ್ತದೆ. ಅಲ್ಲಿಂದ ಅಮೋಘಸಿದ್ದಪ್ಪನ ಮನೆಯನ್ನು ಹಾರಿ ಸುಭಾಸನ ಮನೆಗೆ ಹೋಗುತ್ತದೆ. ಅಜ್ಜನ ಕಾಲದಲ್ಲಿ ಯಾರೋ, "ಫಿತೂರಿ ಕೈಯಾಗ ಕೊಟ್ರ ಹಣಮಪ್ಪನ್ನ ಹೊತಗೊಂಡ ಹೊಕ್ಕಾರ" ಎಂದು ಚೇಷ್ಟೆ ಮಾಡಿದರಂತೆ. ಎಲ್ಲರೂ ನಕ್ಕರು, ಕೀಲಿಕೈ ಮುಂದಕ್ಕೆ ಹೋಯಿತು. ಅಪ್ಪನ ಕಾಲಕ್ಕೆ ಚೇಷ್ಟೆಯೂ ಬೇಕಾಗಲಿಲ್ಲ, ರೂಢಿ ಆಗಿಬಿಟ್ಟಿತ್ತು. ಹಗ್ಗ ಹಾಕಿ ಕಟ್ಟಿದ್ದರೆ ಬಿಚ್ಚಬಹುದು, ರೂಢಿಯನ್ನು ಎಲ್ಲಿ ಹಿಡಿದು ಬಿಚ್ಚುವುದು?

ಈ ವರ್ಷ ಕೀಲಿಕೈ ದುರ್ಗಪ್ಪನ ಹತ್ತಿರ ಇತ್ತು. ದುರ್ಗಪ್ಪ ಓಣಿಯ ಹಿರಿಯ, ದನಿ ಎತ್ತಿ ಮಾತಾಡಿದವನಲ್ಲ, ಅವನು ಅಂದರೆ ಅದೇ ಕೊನೆಯ ಮಾತು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಒಂದು ದಿನ ಅಮೋಘಸಿದ್ದಪ್ಪ ಅವನ ಕಟ್ಟೆಗೆ ಹೋಗಿ ಕೂತು ಬಾಯಿಬಿಟ್ಟ.

"ಕಾಕಾ, ಈ ಸಲ ಪಾಳಿ ನಮ್ಮದಾಗ್ತೈತ್ರಿ."

ದುರ್ಗಪ್ಪ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದ. "ನಂದೇನ ಅಡ್ಡಿಯಿಲ್ಲೋ ತಮ್ಮಾ. ಮಂದಿ ಒಪ್ಪಬೇಕಲ್ಲಾ. ನೋಡೂಣು."

ನಮ್ಮ ಕಡೆ ನೋಡೂಣು ಅಂದರೆ ಏನೆಂದು ಎಲ್ಲರಿಗೂ ಗೊತ್ತು. ಅಮೋಘಸಿದ್ದಪ್ಪ ನಕ್ಕು ಎದ್ದು ಬಂದ. ಮನೆಗೆ ಬಂದವನು ಹೆಂಡತಿ ಸತ್ಯವ್ವ ಬಡಿಸಿದ ರೊಟ್ಟಿಯನ್ನು ಮುರಿದು ಮುರಿದು ಹಾಗೇ ಬಿಟ್ಟ.

ಮಗಳು ನೀಲಾ ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಾಳೆ. ಧಾರವಾಡದಲ್ಲಿ ಓದುವಾಗ ಅವಳು ಗೆಳತಿಯರೊಂದಿಗೆ ಒಂದು ಹೊಸ ಆಟ ಕಲಿತಿದ್ದಳು. ಆ ವಾರ ಊರಿಗೆ ಬಂದವಳು ಅದನ್ನು ತೊರಗಲ್ ಕೋಟೆಯಲ್ಲಿ ಆಡುತ್ತೇವೆ, ಕೋಟೆಯೊಳಗೆ ಇರುವುದಕ್ಕೆ ಜನ ಸಾಲದು ಎಂದು ಓಣಿಯವರನ್ನು ಕರೆಯತೊಡಗಿದಳು.

"ಲಾರ್ಪ್ ಅಂತಾರಪ್ಪಾ. ಸ್ಟೇಜ್ ಇಲ್ಲಾ, ಬರದ ಮಾತಿಲ್ಲಾ. ಮುಂಜಾನಿಂದ ಸಂಜಿತನಾ ನೀ ಬ್ಯಾರೆ ಮನಶ್ಯಾ ಆಗಿರಬೇಕು. ಉಣ್ಣೂದು, ಜಗಳಾಡೂದು, ಅಂಜೂದು, ಎಲ್ಲಾ ಅವನಂಗ."

"ಇಷ್ಟ ವರ್ಷ ಒಬ್ಬ ಮನಶ್ಯಾ ಆಗಿರಾಕ ಬಂದಿಲ್ಲಾ ಇವರಿಗೆ," ಎಂದಳು ಸತ್ಯವ್ವ ಒಲೆಯ ಮುಂದಿನಿಂದ. "ಇನ್ನೊಬ್ಬ ಹೆಂಗ ಆಗ್ತಾರವಾ?"

ಮಧ್ಯಾಹ್ನಕ್ಕೆ ಗೋಧಿ ಹುಗ್ಗಿ ಅಂದಮೇಲೆ ಓಣಿಯ ಗಂಡಸರು ಒಬ್ಬೊಬ್ಬರಾಗಿ ಒಪ್ಪಿಕೊಂಡರು. ಗುಡಿಯ ಕಟ್ಟೆಯ ಮೇಲೆ ನೀಲಾ ಆಟ ವಿವರಿಸಿದಳು. ಕೋಟೆಗೆ ಮುತ್ತಿಗೆ ಬಿದ್ದಿದೆ, ಸೂರ್ಯ ಮುಳುಗುವತನಕ ಬಾಗಿಲು ಉಳಿಸಿಕೊಂಡರೆ ಒಳಗಿನವರು ಗೆದ್ದಂತೆ. ಆದರೆ ಒಳಗಿನವರಲ್ಲೇ ಒಬ್ಬ ಫಿತೂರಿಗಾರ ಇರುತ್ತಾನೆ, ಚೀಟಿ ಎತ್ತಿದಂತೆ ಬೀಜ ಎತ್ತಿ ಅವನನ್ನು ಆರಿಸುವುದು, ಯಾರೆಂದು ಅವನೊಬ್ಬನಿಗೇ ಗೊತ್ತು.

ಸುಭಾಸ ತೊಡೆ ಬಡಿದುಕೊಂಡು ನಕ್ಕ. "ಹುಡಕೂದೇನ ಐತವಾ? ಉತಾರ ತಗಸಿದ್ರ ಮುಗೀತು!"

ಎಲ್ಲರೂ ನಕ್ಕರು. ಅಮೋಘಸಿದ್ದಪ್ಪನೂ ನಕ್ಕ. ನಗು ಇಳಿಯುವಷ್ಟರಲ್ಲಿ ಅವನಿಗೇ ಗೊತ್ತಿಲ್ಲದಂತೆ ಅವನ ಬಾಯಿಂದ ಮಾತು ಬಂತು. "ಆ ಕೋಟಿ ಬಾಗಲಾ ನಾ ಕಾಯತೇನಿ."

 ಸುಭಾಸನ ಕಣ್ಣು ಚೇಷ್ಟೆಗೆ ಹೊಳೆಯಿತು. "ಕಾಯಪಾ. ಕೀಲಿ ಕಾದು ತೋರಸಿದ್ರ ಈ ಯುಗಾದಿಗೆ ಹಣಮಪ್ಪನ ಕೀಲಿಕೈ ನಿಮ್ಮ ಮನಿಗೇ ಹೋಗಲಿ, ನಂದೇನ ತಕರಾರಿಲ್ಲಾ. ಏನ ಕಾಕಾ?"

ದುರ್ಗಪ್ಪ ಒಮ್ಮೆ ಎಲ್ಲರ ಮುಖ ನೋಡಿದ. "ಮಾತ ಅಂದ್ರ ಮಾತ," ಎಂದ.

ಹೀಗೆ ಒಂದು ಆಟಕ್ಕೆ ಮೂರು ತಲೆಮಾರಿನ ಗಂಟು ಬಿತ್ತು. ನೀಲಾ ಮನೆಗೆ ಬಂದವಳೇ ಅಪ್ಪನ ಮೇಲೆ ರೇಗಿದಳು. "ಫಿತೂರಿ ಬೀಜಾ ಯಾರ ಕೈಗರ ಬರಬಹುದಪ್ಪಾ! ನಿನ್ನ ಕೈಗೇ ಬಂದ್ರ?"

ಅವನು ಅದನ್ನು ಯೋಚಿಸಿರಲಿಲ್ಲ.

ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ, ಪಾತ್ರ ಕಟ್ಟಲೇಬೇಕಿತ್ತು. ಅಮೋಘಸಿದ್ದಪ್ಪ ಮೊದಲು ಕಟ್ಟಿದ ಬಾಗಿಲಕಾವಲುಗಾರ ದಪ್ಪ ಮೀಸೆಯವನು, ಹತ್ತು ಮಂದಿಯನ್ನು ಒಬ್ಬನೇ ಹೊಡೆದು ಹಾಕುವವನು, ನಿದ್ದೆ ಗೊತ್ತಿಲ್ಲದವನು.

"ಅವಗ ಏನ ಬೇಕು?" ಎಂದಳು ನೀಲಾ.

"ಏನೂ ಬ್ಯಾಡ. ಅವ ವೀರ."

"ಯಾವದಕ್ಕ ಅಂಜತಾನ?"

"ವೀರ ಯಾಕ ಅಂಜತಾನವಾ?"

"ಹಂಗಾರ ಅವಂದೊಂದ ಕಟೌಟ್ ಮಾಡ್ಸಿ ನಿಂದ್ರಸೂಣು. ನೀ ಮನ್ಯಾಗ ಇರು." ಆಮೇಲೆ ಅವಳು ಅಪ್ಪನ ಮುಂದೆ ಕೂತು ಮೆಲ್ಲಗೆ ಹೇಳಿದಳು. "ಅಪ್ಪಾ, ಅವಗ ಒಂದ ಆಸೆ ಬೇಕು, ಒಂದ ಅಂಜಿಕಿ ಬೇಕು. ಎರಡೂ ಒಂದರ ಕೂಡ ಒಂದ ಜಗಳಾಡಬೇಕು. ಅಂದ್ರ ಮಾತ ತಾವ ಬರತಾವ, ಬಾಯಿಪಾಠ ಬೇಕಾಗೂದಿಲ್ಲಾ."

ಎರಡು ದಿನ ಅವನು ಉಳ್ಳಾಗಡ್ಡಿಗೆ ನೀರು ಹಾಯಿಸುತ್ತ ಇದನ್ನೇ ತಲೆಯಲ್ಲಿ ತಿರುವಿದ. ಒಂದು ಮಡಿ ತುಂಬಿ ಹರಿದುಹೋದದ್ದೂ ತಿಳಿಯಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದ. "ಅವನ ಹೆಸರು ಭರಮಪ್ಪ. ಅವಗ ಏನ ಬೇಕಂದ್ರ, ಮಂದಿ ಅವನ ಮಾರಿ ಎರಡನೇ ಸಲಾ ನೋಡದ ಕೀಲಿಕೈ ಕೊಡಬೇಕು."

"ಅಂಜಿಕಿ?"

"ಎರಡನೇ ಸಲಾ ನೋಡತಾರಂತ."

 ಸತ್ಯವ್ವ ಕಣ್ಣಿಗೆ ಹೊಗೆ ಹೋಯಿತೆಂದು ಸೆರಗಿನಿಂದ ಒರೆಸಿಕೊಂಡಳು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

"ಭರಮಪ್ಪಗ ಸಿಟ್ಟ ಬಂದ್ರ ಏನ ಮಾಡತಾನ?" ಎಂದಳು ನೀಲಾ.

"ನಗತಾನ."

"ಎಷ್ಟ ದಿನಾ ನಗತಾನಪ್ಪಾ?"

ಅಮೋಘಸಿದ್ದಪ್ಪ ಕೈ ತೊಳೆಯಲು ಎದ್ದ. ಅಲ್ಲಿಂದ ದಿನಾಲು ಭರಮಪ್ಪನನ್ನು ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲಿಸಿ ರೂಢಿ ಮಾಡಿದ. ಭರಮಪ್ಪ ಕೂಡುವುದಿಲ್ಲ. ಮಾತಾಡುವವರ ಕಡೆ ಮುಖ ಮಾಡಿದರೂ ಒಂದು ಕೈ ಹಿಂದೆ ಸರಪಳಿಯ ಮೇಲೆ ಇಟ್ಟಿರುತ್ತಾನೆ. ಕೀಲಿಕೈ ಉಡದಾರಕ್ಕೆ ಕಟ್ಟಿರುತ್ತಾನೆ, ಆಗಾಗ ಮುಟ್ಟಿ ನೋಡುತ್ತಾನೆ. "ಎಮ್ಮಿ ಏನ ಕೀಲಿ ಮುರದ ಓಡಿ ಹೊಕ್ಕೈತೇನ್ರಿ?" ಎಂದು ಸತ್ಯವ್ವ ನಗಾಡಿದರೂ ಟ್ರಂಕಿನ ಕೀಲಿಗೆ ಎಣ್ಣೆ ಹಾಕಿ ಕೀಲಿಕೈ ಸಮೇತ ತಾನೇ ತೆಗೆದುಕೊಟ್ಟಳು.

ಯುಗಾದಿ ಇನ್ನು ನಾಲ್ಕು ದಿನವಿರುವಾಗ ಎಲ್ಲರೂ ಕ್ರೂಸರ್ ಗಾಡಿಯಲ್ಲಿ ತೊರಗಲ್ಲಿಗೆ ಹೋದರು. ರಾಮದುರ್ಗದಲ್ಲಿ ಟೇಲರಿಂಗ್ ಅಂಗಡಿ ಇಟ್ಟಿರುವ ಪೂನಮ್ ಎಂಬ ನೀಲಾಳ ಗೆಳತಿ ಎಲ್ಲರಿಗೂ ಅಂಗಿ, ರುಮಾಲು ಹೊಲಿದು ತಂದಿದ್ದಳು. ಆಟಕ್ಕೆ ಬಂದ ಹುಡುಗರ ದಂಡು ಹೊರಗೆ, ಅದಕ್ಕೆ ಅವಳೇ ನಾಯಕಿ; ಬೈಲಹೊಂಗಲದಿಂದ ಬಂದ ನೀಲಾಳ ಗೆಳತಿಯರು ಓಣಿಯವರ ಜೊತೆ ಒಳಗೆ. ದುರ್ಗಪ್ಪ ಕೋಟೆಯ ಮುಖ್ಯಸ್ಥ, ಅಂದರೆ ಕಿಲ್ಲೇದಾರನಾದ, ಸುಭಾಸ ಸಿಡಿಮದ್ದಿನ ಮನೆಯ ಕಾವಲಿನವನಾದ. ಹಳೆಯ ಅಗಸೆಬಾಗಿಲ ಕಮಾನಿಗೆ ಬಿದಿರಿನ ಕದ ನಿಲ್ಲಿಸಿ, ಸರಪಳಿ ಹಾಕಿ, ಸತ್ಯವ್ವನ ಟ್ರಂಕಿನ ಕೀಲಿ ಜಡಿದರು.

ನೀಲಾ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ನಿಯಮ ಹೇಳಿದಳು. ಬಿಳಿ ಬಟ್ಟೆ ಕಟ್ಟಿದವರು ಅಲ್ಲಿ ಇಲ್ಲವೆಂದೇ ತಿಳಿಯಬೇಕು. ಎದೆಗೆ ಕೆಮ್ಮಣ್ಣು ಹತ್ತಿದವನು ಸತ್ತಂತೆ. ಚೀಲದೊಳಗಿನ ಹುಣಸೆಬೀಜಗಳಲ್ಲಿ ಒಂದನ್ನು ಮಾತ್ರ ಉಜ್ಜಿ ಬಿಳಿ ಮಾಡಿದೆ, ಅದು ಯಾರ ಕೈಗೆ ಬರುತ್ತದೋ ಅವನು ಫಿತೂರಿಗಾರ. "ಬೀಜಾ ಯಾರಿಗೂ ತೋರ್ಸೂ ಹಂಗಿಲ್ಲಾ. ತೋರ್ಸಿದವ ಅಲ್ಲೇ ಆಟದಿಂದ ಹೊರಗ."

ಅಮೋಘಸಿದ್ದಪ್ಪ ಚೀಲಕ್ಕೆ ಕೈ ಹಾಕಿದಾಗ ಎಲ್ಲರ ಕಣ್ಣೂ ಆ ಕೈಯ ಮೇಲಿತ್ತು. ಬೀಜ ಸಿಕ್ಕಿತು, ಮುಷ್ಟಿ ಕಟ್ಟಿ ತೆಗೆದ. ಗೋಡೆಯ ಮರೆಗೆ ಹೋದರೂ ಬೆರಳು ಬಿಚ್ಚಲು ಅವನಿಗೆ ಧೈರ್ಯ ಸಾಲಲಿಲ್ಲ. ಬಿಳಿ ಬಂದಿದ್ದರೆ? ಆಟ ಬಿಟ್ಟು ಮನೆಗೆ ಹೋಗುವುದೋ, ಓಣಿಯವರೆದುರು ಬಾಗಿಲು ತೆಗೆಯುವುದೋ?  ಕೊನೆಗೆ ಹಣಮಪ್ಪಾ ಎಂದು ಬಿಚ್ಚಿದ. ಬೀಜ ಕಪ್ಪಗೆ ಮಿರಿಮಿರಿ ಮಿಂಚಿತು. ಅವನು ಬೀಜವನ್ನು ಧೋತರದ ಗಂಟಿನಲ್ಲಿ ಕಟ್ಟಿಕೊಂಡು, ಬಾಗಿಲಿಗೆ ಬಂದು, ಭರಮಪ್ಪನಾಗಿ ನಿಂತ.

ಹುಗ್ಗಿಯ ಹೊತ್ತಿನತನಕ ಆಟ ಆಟದಂತೆಯೇ ಇತ್ತು. ಪೂನಮ್ಮಳ ದಂಡು ಆಗಾಗ ಹಲಗೆ ಬಾರಿಸುತ್ತ ಬಂದು ಕೂಗಾಡಿ ಹೋಗುವುದು, ಒಳಗಿನವರು ಗೋಡೆಯ ಮೇಲಿಂದ ಬೈಯುವುದು. ಭರಮಪ್ಪ ನಿಂತೇ ಉಂಡ. ಉಂಡು ಕೈ ತೊಳೆಯುವಾಗ ಯಾರೋ ಕೂಗಿಕೊಂಡರು. ಹಿಂದಿನ ಗೋಡೆಯ ಮೇಲೆ ಹಳದಿ ಬಟ್ಟೆಯೊಂದು ಹಾರಾಡುತ್ತಿತ್ತು. ವೈರಿಗೆ ಸನ್ನೆ. ಒಳಗಿನವನೇ ಕಟ್ಟಿದ್ದು.

ಅಲ್ಲಿಂದ ಗಾಳಿ ಬದಲಾಯಿತು. ಸ್ವಲ್ಪ ಹೊತ್ತಿಗೆ ಸುಭಾಸನ ಮದ್ದಿನ ಗಡಿಗೆಗೆ ನೀರು ಬಿದ್ದಿತ್ತು. ಮಾತು ಸಣ್ಣದಾಯಿತು, ಇಬ್ಬರು ಮೂವರು ಅಲ್ಲಲ್ಲಿ ನಿಂತು ಗುಸುಗುಸು ಮಾಡಿದರು. ಅಮೋಘಸಿದ್ದಪ್ಪ ಗಮನಿಸಿದ. ಗುಂಪು ಯಾವುದೇ ಇರಲಿ, ಗುಸುಗುಸು ಮುಗಿದ ಮೇಲೆ ತಲೆಗಳು ತಿರುಗುತ್ತಿದ್ದದ್ದು ಬಾಗಿಲ ಕಡೆಗೆ. ಅವನು ಕೀಲಿಕೈ ಮುಟ್ಟಿ ನೋಡಿಕೊಂಡ.

ಬಿಸಿಲು ಇಳಿಮುಖವಾದಾಗ ಕಿಲ್ಲೇದಾರ ಬೇವಿನ ಗಿಡದ ಕೆಳಗೆ ಎಲ್ಲರನ್ನೂ ಕರೆಸಿದ.

"ಬಾಗಲಾ ಬಿಟ್ಟ ನಾ ಬರೂದಿಲ್ರೀ," ಎಂದ ಭರಮಪ್ಪ. ಆದ್ದರಿಂದ ಸಭೆಯೇ ಬಾಗಿಲಿಗೆ ಬಂತು. ಅದೂ ಅವನ ಮೇಲೆಯೇ ಬಂತು.

"ನೋಡ್ರಿ, ಬಿಟ್ಟ ಬರೂದಿಲ್ಲಂತ," ಎಂದ ಸುಭಾಸ. "ಯಾಕ ಬರೂದಿಲ್ಲಾ? ಹೊತ್ತ ನೋಡಾಕ ಹತ್ಯಾನ ಇಂವಾ."

"ನಾ ಮುಂಜಾನಿಂದ ಇಲ್ಲೇ ನಿಂತೇನಿ. ಹಿಂದಿನ ಗೋಡಿಗೆ ಹೆಂಗ ಹೋಗ್ಲಿ?"

"ನಮಗೇನ ಗೊತ್ತಪಾ, ನಿಮ್ಮ ಮನಿತನದ ವಿದ್ಯಾ ಅದು. ಕೀಲಿಕೈ ಫಿತೂರಿ ಕೈಯಾಗ ಇಟ್ಟ ನಾವ ಕುಂತ್ರ ಮುಗೀತು ಕತಿ."

ಆಟದಲ್ಲಿ ಅವನು ಭರಮಪ್ಪ, ಫಿತೂರಿ ಎಂಬ ಅಡ್ಡಹೆಸರು ಅಲ್ಲಿಗೆ ಬರುವಂತಿರಲಿಲ್ಲ. ಯಾರಾದರೂ ತಪ್ಪು ಎನ್ನಬಹುದೆಂದು ಅಮೋಘಸಿದ್ದಪ್ಪ ಎಲ್ಲರ ಮುಖ ನೋಡಿದ. ಯಾರಿಗೂ ಅದು ತಪ್ಪೆಂದು ಅನ್ನಿಸಿರಲೇ ಇಲ್ಲ. ಬೈಲಹೊಂಗಲದಿಂದ ಬಂದ ಹುಡುಗಿಯರು ಕೂಡ, ಓಣಿಯವರಿಗೆ ಗೊತ್ತಿದ್ದೀತೆಂದು ತಲೆದೂಗಿದರು. ನೀಲಾ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದಳು. ತಲೆಗೆ ಬಿಳಿ ಬಟ್ಟೆ, ತುಟಿ ಕಚ್ಚಿಕೊಂಡಿದ್ದಳು. ಆಟದ ಲೆಕ್ಕಕ್ಕೆ ಅವಳು ಅಲ್ಲಿ ಇಲ್ಲ.

ಅವನ ಕೈ ಧೋತರದ ಗಂಟಿಗೆ ಹೋಯಿತು. ಒಂದು ಗಂಟು ಬಿಚ್ಚಿದರೆ ಸಾಕು. ಕಪ್ಪು ಬೀಜವನ್ನು ಸುಭಾಸನ ಮೂಗಿಗೆ ಹಿಡಿದು ತೋರಿಸಬಹುದು. ಆಟ ಕೆಡುತ್ತದೆ, ಕೆಡಲಿ, ಎಲ್ಲರ ಬಾಯಿ ಮುಚ್ಚುತ್ತದೆ. ಬೆರಳಿಗೆ ಬೀಜದ ದುಂಡು ಸಿಕ್ಕಿತು. ಆಗ ಅವನಿಗೆ ಅನ್ನಿಸಿತು, ಇವತ್ತೇನೋ ಬೀಜ ಇದೆ, ನಾಳೆ ಓಣಿಯಲ್ಲಿ ಏನನ್ನು ತೋರಿಸಲಿ? ಅಜ್ಜನ ಹತ್ತಿರ ಯಾವ ಬೀಜ ಇತ್ತು? ಭರಮಪ್ಪನಿಗಂತೂ ಬೀಜ ಎಂಬುದೇ ಗೊತ್ತಿಲ್ಲ. ಅವನ ಹತ್ತಿರ ಇದ್ದದ್ದು ಬೆಳಗಿನಿಂದ ನಿಂತ ಕಾಲು ಮಾತ್ರ.

ಕೈ ಗಂಟು ಬಿಟ್ಟು ಸರಪಳಿಗೆ ಹೋಯಿತು.

"ಜಗಳ ಬ್ಯಾಡ," ಎಂದ ದುರ್ಗಪ್ಪ ತನ್ನ ಎಂದಿನ ಸಣ್ಣ ದನಿಯಲ್ಲಿ. "ತಮ್ಮಾ ಭರಮಪ್ಪಾ, ನನಗೇನ ನಿನ್ನ ಮ್ಯಾಲ ಸಂಶಾ ಇಲ್ಲಾ. ಮಂದಿ ಸಮಾಧಾನಕ್ಕ ಕೀಲಿಕೈ ಇಲ್ಲಿ ಕೊಡು. ಹೊತ್ತ ಮುಣಗೂತನಾ ನಾ ಹಿಡಕೊಂಡಿರತೇನಿ. ನೀ ಇಲ್ಲೇ ನಿಂದ್ರು, ಬ್ಯಾಡನ್ನೂದಿಲ್ಲಾ."

"ಇದ ಸರಿ," ಎಂದಿತು ಸಭೆ. ಎಲ್ಲರಿಗೂ ನಿರಾಳವಾಯಿತು. ಕಾಕಾನ ಕೈಯಲ್ಲಿ ಕೀಲಿಕೈ ಇದ್ದರೆ ಇನ್ನೇನು ಚಿಂತೆ.

ಅಮೋಘಸಿದ್ದಪ್ಪ ಉಡದಾರದಿಂದ ಕೀಲಿಕೈ ಬಿಚ್ಚಿದ.   ದುರ್ಗಪ್ಪನ ಅಂಗೈಯಲ್ಲಿ ಅದನ್ನು ಇಡುವಾಗ ಇದು ಆಟವೋ ಯುಗಾದಿಯೋ ಎಂಬುದು ಅವನಿಗೆ ತಿಳಿಯದಾಯಿತು. ನಗಲು ನೋಡಿದ, ಬಾಯಿ ಸೊಟ್ಟಗಾಯಿತು ಅಷ್ಟೇ.

ಸೂರ್ಯ ಗೋಡೆ ಮುಟ್ಟಿದಾಗ ಹಲಗೆಯ ಸದ್ದು ಹತ್ತಿರವಾಯಿತು. ಈ ಸಲ ದಂಡು ಕೂಗಾಡುತ್ತಿರಲಿಲ್ಲ, ಗಂಭೀರವಾಗಿ ಬರುತ್ತಿತ್ತು. ಒಳಗಿನವರೆಲ್ಲ ಗೋಡೆಯ ಮೇಲೆ ಹತ್ತಿದ್ದರು. ಬಾಗಿಲಲ್ಲಿ ಅವನೊಬ್ಬನೇ, ಬೆನ್ನು ಕದಕ್ಕೆ ಕೊಟ್ಟು, ಒಂದು ಕೈ ಸರಪಳಿಯ ಮೇಲೆ. ಕೀಲಿಕೈ ಇಲ್ಲದ ಕಾವಲುಗಾರ. ಹೋಗಿ ಗಾಡಿಯಲ್ಲಿ ಕೂತರೆ ಯಾರು ಕೇಳುತ್ತಾರೆ ಎಂದು ಒಂದು ಮನಸ್ಸು ಹೇಳಿತು. ಕಾಲು ಮಾತ್ರ ಕದಲಲಿಲ್ಲ.

ಮೆಟ್ಟಿಲಿಳಿದು ದುರ್ಗಪ್ಪ ಬಂದ. "ಸರಿ ತಮ್ಮಾ, ಕೀಲಿ ಬಿಗಿ ಐತೇನ ನೋಡತೇನಿ."

ಅವನು ಸರಿದ. ದುರ್ಗಪ್ಪ ಬಗ್ಗಿ ಕ್ಲಿಕ್ಕೆಂದು ಕೀಲಿ ತಿರುವಿದ. ಅದು ಬಿಗಿಯಾಗುವ ಸದ್ದಲ್ಲ, ತನ್ನ ಮನೆಯ ಟ್ರಂಕಿನ ಕೀಲಿ ಬಿಚ್ಚಿಕೊಳ್ಳುವ ಸದ್ದು ಅಮೋಘಸಿದ್ದಪ್ಪನಿಗೆ ಗೊತ್ತಿಲ್ಲವೇ.

"ಕಾಕಾ!"

ಸರಪಳಿ ಝಲ್ಲೆಂದು ಜಾರಿತು. ಅಮೋಘಸಿದ್ದಪ್ಪ ಕದಕ್ಕೂ ದುರ್ಗಪ್ಪನಿಗೂ ನಡುವೆ ನುಗ್ಗಿ ಎರಡೂ ಕೈ ಚಾಚಿ ನಿಂತ. "ಬಾಗಲಾ ತಗದಾರೋ! ಬರ್ರೋ ಯಾರರ!" ಎಂದು ಕೂಗಿದ. ಗೋಡೆಯ ಮೇಲಿನವರು ತಿರುಗಿ ನೋಡಿದರು. ಫಿತೂರಿ ಕದ ಹಿಡಿದು ನಿಂತಿದ್ದ, ಕಾಕಾ ಅವನನ್ನು ತಡೆಯುತ್ತಿದ್ದ. ಅವರು ಕಂಡದ್ದು ಹಾಗೆ. "ಹಿಡೀರಿ ಕಾಕಾ ಅವನ್ನ!" ಎಂದು ಸುಭಾಸ ಮೇಲಿನಿಂದಲೇ ಅರಚಿದ.

ದುರ್ಗಪ್ಪನ ಕಣ್ಣು ತುಂಬಿತ್ತು. ಕೆಮ್ಮಣ್ಣಿನಲ್ಲಿ ಅದ್ದಿದ ಕೋಲು ಅವನ ಕೈಯಲ್ಲಿತ್ತು. "ಮಾಫ್ ಮಾಡಪಾ," ಎಂದು ಅದನ್ನು ಅಮೋಘಸಿದ್ದಪ್ಪನ ಎದೆಗೆ ಮುಟ್ಟಿಸಿದ.

ಸತ್ತವನು ಮಾತಾಡುವಂತಿಲ್ಲ. ಅವನು ಅಲ್ಲೇ ಕುಸಿದು ಮಲಗಿದ. ಕೆನ್ನೆಗೆ ಮಣ್ಣು ಹತ್ತಿತು. ಬಿದಿರಿನ ಕದ ಅವನ ತಲೆಯ ಮೇಲಿಂದ ತೆರೆದುಕೊಂಡಿತು, ಪೂನಮ್ಮಳ ದಂಡಿನ ಕಾಲುಗಳೆಲ್ಲ ಅವನನ್ನು ದಾಟಿ ದಾಟಿ ಒಳಗೆ ನುಗ್ಗಿದವು. ಕೋಟೆ ಬಿತ್ತು.

ನೀಲಾ ತಲೆಯ ಬಿಳಿ ಬಟ್ಟೆ ಬಿಚ್ಚಿ ಸೀಟಿ ಊದಿದಳು. ಎಲ್ಲರೂ ದುಂಡಗೆ ನಿಂತು ಒಬ್ಬೊಬ್ಬರೇ ಬೀಜ ನೆಲಕ್ಕೆ ಇಟ್ಟರು. ಸುಭಾಸ ಕಪ್ಪು ಇಟ್ಟು ಅಮೋಘಸಿದ್ದಪ್ಪನ ಗಂಟನ್ನೇ ನೋಡುತ್ತಿದ್ದ. ಅಮೋಘಸಿದ್ದಪ್ಪ ಗಂಟು ಬಿಚ್ಚಿದ, ಕಪ್ಪು. ದುರ್ಗಪ್ಪ ಮುಷ್ಟಿ ಬಿಚ್ಚಿದ, ಅವನ ಅಂಗೈ ನಡುವೆ ಬಿಳಿ ಬೀಜ ಕೂತಿತ್ತು.

 ಯಾರು ಯಾರ ಕೈಯಿಂದ ಕೀಲಿಕೈ ಕಸಿದು ಯಾರಿಗೆ ಕೊಟ್ಟರು ಎಂಬುದು ಎಲ್ಲರಿಗೂ ಹೊಳೆಯಿತು. ಹಾಗೆ ಹೊಳೆದದ್ದನ್ನು ಸುಭಾಸನಿಗೆ ತಡೆದುಕೊಳ್ಳಲು ಆಗಲಿಲ್ಲ. ಜೋರಾಗಿ ಚಪ್ಪಾಳೆ ಹೊಡೆದ.

"ಎಲಾ ಇವನ! ಫಿತೂರಿ ದುರ್ಗಪ್ಪ!"

ನಗುವುದಕ್ಕೆ ಒಂದು ದಾರಿ ಸಿಕ್ಕಿದ್ದೇ ತಡ, ಎಲ್ಲರೂ ನಕ್ಕರು. "ಫಿತೂರಿ ದುರ್ಗಪ್ಪ!" ಎಂದು ಇನ್ನೊಬ್ಬ ಕೂಗಿದ. ಯಾರೋ ಮೊಬೈಲ್ ಎತ್ತಿ ವಿಡಿಯೋ ಮಾಡತೊಡಗಿದರು. ದುರ್ಗಪ್ಪನೂ ಮೊದಲು ನಕ್ಕ. ಎರಡನೆಯ ಸಲ ಕೂಗಿದಾಗ ನಗು ಮುಖದಲ್ಲಿ ಉಳಿದಿತ್ತು, ಕಣ್ಣಲ್ಲಿ ಇರಲಿಲ್ಲ. ಮೂರನೆಯದಕ್ಕೆ ಅವನು ಮೊಮ್ಮಕ್ಕಳ ವಯಸ್ಸಿನ ಹುಡುಗರ ಮುಂದೆ ಬೀಜ ಹಿಡಿದುಕೊಂಡು ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತ.

ಅಮೋಘಸಿದ್ದಪ್ಪನಿಗೆ ಅದು ಸವಿಯಾಗಿತ್ತು. ಸುಳ್ಳು ಯಾಕೆ ಹೇಳಬೇಕು. ಅಂಟಲಿ, ಚೆನ್ನಾಗಿ ಅಂಟಲಿ, ಇವರ ಮೊಮ್ಮಕ್ಕಳ ಉತಾರದಲ್ಲೂ ಏರಲಿ, ಇನ್ನೊಂದು ಮನೆ ದಾಟಿ ಕೀಲಿಕೈ ಹಾರಲಿ ಎಂದು ಅವನಿಗೆ ಅನ್ನಿಸಿತು. ಆಮೇಲೆ ದುರ್ಗಪ್ಪನ ನಗು ಕಂಡಿತು. ಆ ನಗು ಅವನಿಗೆ ಗುರುತಿತ್ತು. ಐವತ್ತು ವರ್ಷ ಅದು ತನ್ನ ಮುಖದ ಮೇಲೆಯೇ ಇದ್ದದ್ದು. ಅಜ್ಜನಿಗೆ ಸಂತೆಯಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಸುಮ್ಮನಿರ್ರೋ ಎಂದಿದ್ದರೆ?

"ಏ ಸುಭಾಸಾ."

ಅವನ ದನಿ ಅಷ್ಟು ಗಟ್ಟಿಯಾಗಿ ಬಂದದ್ದನ್ನು ಓಣಿ ಎಂದೂ ಕೇಳಿರಲಿಲ್ಲ. ಎದೆಯ ಕೆಮ್ಮಣ್ಣು ಒರೆಸಿಕೊಳ್ಳದೆ ಅವನು ನಡುವೆ ಬಂದು ನಿಂತ. ನಗುತ್ತಿರಲಿಲ್ಲ.

"ಆಟಾ ಮುಗೀತು. ಅವರ ಹೆಸರು ದುರ್ಗಪ್ಪ. ಕರ್ಯೂದಿದ್ರ ಹಂಗ ಕರೀರಿ, ಇಲ್ಲಾಂದ್ರ ಬಾಯಿ ಮುಚ್ರಿ. ಏ, ಆ ಮೊಬೈಲ್ ಇಳಸು ಮೊದಲ."

ಮೊಬೈಲ್ ಇಳಿಯಿತು.  ನೀಲಾ ಅಪ್ಪನನ್ನೇ ನೋಡುತ್ತ ಬೀಜಗಳನ್ನು ಆರಿಸಿ ಚೀಲಕ್ಕೆ ಹಾಕಿದಳು. ವಾಪಸು ಬರುವಾಗ ಗಾಡಿಯಲ್ಲಿ ದುರ್ಗಪ್ಪ ಅವನ ಪಕ್ಕದಲ್ಲಿ ಕೂತಿದ್ದ, ಮನೋಳಿ ಬರುವತನಕ ಹೊರಗೇ ನೋಡುತ್ತಿದ್ದ.

ಯುಗಾದಿಯ ದಿನ ಗುಡಿಯ ಮುಂದೆ ಬೇವು ಕುಡಿದಾಯಿತು. ಸುಭಾಸ ರೂಢಿಯಂತೆ ಮುಂದೆ ಬಂದು ನಿಂತ. ಅಮೋಘಸಿದ್ದಪ್ಪ ಕಂಬಕ್ಕೆ ಒರಗಿ ದೂರದಲ್ಲಿದ್ದ. ಇವತ್ತೂ ಹಾರಿದರೆ ಇನ್ನು ತನ್ನ ಕಾಲಕ್ಕೆ ಇಲ್ಲ ಎಂದು ಅವನಿಗೆ ಗೊತ್ತಿತ್ತು. ದುರ್ಗಪ್ಪ ಸೊಂಟದಿಂದ ಕೀಲಿಕೈ ತೆಗೆದು ಕಂಬದ ಕಡೆಗೆ ಹೆಜ್ಜೆ ಹಾಕಿದ.

"ಕಾಕಾ," ಎಂದ ಸುಭಾಸ, "ಆಟದಾಗ ಕೀಲಿ ಉಳೀಲಿಲ್ಲಲ್ಲಾ. ಮಾತ ಅಂದ್ರ ಮಾತ ಅಂದಿದ್ರಿ."

ದುರ್ಗಪ್ಪ ನಿಂತ. "ಅವನ ಕೈಯಾಗ ಇರೂತನಾ ಉಳದಿತ್ತೋ. ಕಸಗೊಂಡಾವರು ನಾವು," ಎಂದ. ಕೀಲಿಕೈಯನ್ನು ಅಮೋಘಸಿದ್ದಪ್ಪನ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ತಾನೇ ಮಡಿಚಿದ. ಸುಭಾಸ ಗೊಣಗುತ್ತ ಮನೆಗೆ ಹೋದ. ಅವನ ಗೊಣಗಾಟ ಇವತ್ತಿಗೂ ನಿಂತಿಲ್ಲ.

ಮರುದಿನ ಬೆಳಗು ಹರಿಯುವ ಮುಂಚೆ ಅಮೋಘಸಿದ್ದಪ್ಪ ಗುಡಿಗೆ ಹೋದ. ಕೀಲಿ ಹಳೆಯದು, ಎರಡು ಸಲ ತಿರುವಬೇಕಾಯಿತು. ಕಸ ಹೊಡೆದು, ನೀರು ಚಿಮುಕಿಸಿ, ದೀಪ ಹಚ್ಚುವಷ್ಟರಲ್ಲಿ ಹೊರಗೆ ಕೋಲಿನ ಸದ್ದು ಕೇಳಿತು. ದಿನಾಲು ಎಲ್ಲರಿಗಿಂತ ಮೊದಲು ಗುಡಿಗೆ ಬರುವ ತಾಯವ್ವ. ಮಂಜಾದ ಕಣ್ಣನ್ನು ದೀಪದ ಕಡೆ ಮಾಡಿ ಮೆಟ್ಟಿಲ ಕೆಳಗೇ ನಿಂತಳು.

"ಯಾರಪಾ ಇವತ್ತ ಬಾಗಲಾ ತಗದಾವರು?"

 ಬರೀ ಅಮೋಘಸಿದ್ದ ಎಂದರೂ ನಡೆಯುತ್ತಿತ್ತು.

"ನಾನ ಆಯೀ. ಫಿತೂರಿ ಅಮೋಘಸಿದ್ದ. ಲಗಮಣ್ಣನ ಮೊಮ್ಮಗ."

 ಮುದುಕಿ ಕೋಲನ್ನು ಗೋಡೆಗೆ ಆನಿಸಿ, ಬಗ್ಗಿ, ಕಾಲಲ್ಲಿದ್ದ ಚಪ್ಪಲಿಗಳನ್ನು ಒಂದೊಂದಾಗಿ ತೆಗೆದು ಬದಿಗೆ ಜೋಡಿಸಿ ಇಟ್ಟಳು. ಬರಿದಾದ ಕೈಯನ್ನು ಅವನ ಕಡೆಗೆ ಚಾಚಿದಳು.

"ಹಿಡಕೋಪಾ," ಎಂದಳು, "ಮೆಟ್ಟಲಾ ಕಾಣ್ಸೂದಿಲ್ಲಾ ನನಗ."